ಹಬ್ಬಕ್ಕೆ ಮೊದಲು ಕಾಯುವುದನ್ನು ಕಲಿಯಿರಿ

ತಾಂಡ್ಯ, ಹಿಮ್ಮಾವು, ಕಡಕೊಳದ ಕಾರ್ಖಾನೆಗಳಲ್ಲಿ ಮೂರು ಶಿಫ್ಟುಗಳಿಗೆ ಹಂಚಿಹೋಗಿರುವ ನಮ್ಮ ಮಕ್ಕಳಿಗೆ, ನಂಜನಗೂಡಿನಲ್ಲಿ ಬಾಡಿಗೆ ರೂಮು ಮಾಡಿಕೊಂಡು ರಜೆ ಸಿಕ್ಕಾಗ ಮಾತ್ರ ಮನೆ ಮುಖ ನೋಡುವವರಿಗೆ, ತಿ. ನರಸೀಪುರದ ಕಡೆಯ ಹಳ್ಳಿಗಳಿಂದ ಕತ್ತಲಲ್ಲೇ ಎದ್ದು ಬಸ್ಸು ಹಿಡಿಯುವವರಿಗೆ ಈ ನಾಲ್ಕು ಮಾತು. ಕ್ರಿಸ್ಮಸ್ ಹತ್ತಿರ ಬರುತ್ತಿದೆ. ನಿಮ್ಮಲ್ಲಿ ಅನೇಕರು ಡಿಸೆಂಬರ್ ತಿಂಗಳನ್ನು ಹೇಗೆ ಕಳೆಯುತ್ತೀರಿ ಎಂಬುದನ್ನು ಕೆಲವು ವರ್ಷಗಳಿಂದ ನೋಡುತ್ತಿದ್ದೇನೆ. ನೋಡಿಯೂ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ಹೋದ ವರ್ಷ ಹಬ್ಬ ಮುಗಿದ ಮೇಲೆ ನಮ್ಮ ಕಡೆಯ ಹುಡುಗನೊಬ್ಬ ಸಿಕ್ಕಿದ್ದ. ಕೆಲಸದಲ್ಲಿ ಚುರುಕು, ಅಪ್ಪ ಅಮ್ಮನಿಗೆ ತಿಂಗಳು ತಪ್ಪದೆ ದುಡ್ಡು ಕೊಡುತ್ತಾನೆ. 'ಮೇಷ್ಟ್ರೇ, ಎಲ್ಲಾ ಚೆನ್ನಾಗೇ ಆಯ್ತು. ಕ್ಯಾರಲ್ಸ್‌ಗೆ ಹೋದೆ, ಸ್ಟಾರ್ ಕಟ್ಟಿದೆ, ಕಂಪನೀಲೂ ಕೇಕ್ ಕತ್ತರಿಸಿದ್ವಿ. ಆದ್ರೆ ನಡುರಾತ್ರಿ ಪೂಜೇಲಿ ನಿಂತಾಗ ಏನೂ ಅನ್ನಿಸಲೇ ಇಲ್ಲ. ನಿದ್ದೆ ಎಳೀತಿತ್ತು, ಅಷ್ಟೆ. ನನ್ನೊಳಗೆ ವಿಶ್ವಾಸಾನೇ ಇಲ್ವೇನೋ' ಅಂದ. ಆ ಮಾತು ಆಡುವಾಗ ಅವನ ಮುಖ ನೋಡಿ ನನಗೆ ಸಂಕಟವಾಯಿತು. ವಿಶ್ವಾಸ ಇಲ್ಲದವನು ಹೀಗೆ ಕೊರಗುವುದಿಲ್ಲ, ಮಗು, ಅಂತ ಅಲ್ಲೇ ಹೇಳಿದೆ. ಉಳಿದದ್ದನ್ನು ಅವನಿಗೂ ಅವನಂಥ ನಿಮಗೆಲ್ಲರಿಗೂ ಈಗ ಹೇಳುತ್ತಿದ್ದೇನೆ.

ನಾವು ಚಿಕ್ಕವರಿದ್ದಾಗ ಡಿಸೆಂಬರ್ ಎಂದರೆ ಕಾಯುವ ತಿಂಗಳು. ಆಗಮನ ಕಾಲದ ನಾಲ್ಕು ವಾರಗಳಲ್ಲಿ ಮನೆಯಲ್ಲಿ ಬಾಡೂಟದ ಮಾತಿರಲಿಲ್ಲ. ಮದುವೆ ಗಿದುವೆ ಇಟ್ಟುಕೊಳ್ಳುತ್ತಿರಲಿಲ್ಲ. ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ತೊಡುತ್ತಿದ್ದರು. ನೀವು ಗಮನಿಸಿದ್ದೀರೋ ಇಲ್ಲವೋ, ಆಗಮನ ಕಾಲದ ಭಾನುವಾರಗಳ ಪೂಜೆಯಲ್ಲಿ ಮಹಿಮೆಯ ಗೀತೆ ಹಾಡುವುದಿಲ್ಲ. ಇವತ್ತಿಗೂ ಹಾಡುವುದಿಲ್ಲ. ನಾಲ್ಕು ವಾರ ಬಾಯಿಗೆ ಬಾರದಂತೆ ಹಿಡಿದಿಟ್ಟ ಆ ಗೀತೆಯನ್ನು ಕ್ರಿಸ್ಮಸ್ ರಾತ್ರಿ ಗಂಟೆ ಬಾರಿಸಿ ಎತ್ತಿಕೊಳ್ಳುತ್ತಾರೆ. ಚಳಿಯಲ್ಲಿ ಕಂಬಳಿ ಹೊದ್ದು ನೆಲದ ಮೇಲೆ ಕೂತ ನಮಗೆ ಆ ಗಂಟೆಯ ಸದ್ದಿಗೆ ಮೈ ಜುಮ್ಮೆನ್ನುತ್ತಿತ್ತು. ನಮ್ಮ ಭಕ್ತಿ ನಿಮ್ಮ ಭಕ್ತಿಗಿಂತ ದೊಡ್ಡದಾಗಿತ್ತು ಎಂದು ನಾನು ಹೇಳುತ್ತಿಲ್ಲ. ನಾಲ್ಕು ವಾರ ಕಾದಿದ್ದೆವು, ಆದ್ದರಿಂದ ಬಂದದ್ದು ತಿಳಿಯುತ್ತಿತ್ತು.

ಇನ್ನೊಂದು ವಿಷಯ ನಿಮಗೆ ಹೇಳಲೇಬೇಕು. ಗೋದಲಿ ಕಟ್ಟುವುದಕ್ಕೆ ಹತ್ತು ಹನ್ನೆರಡು ದಿನ ಮೊದಲೇ ಅಜ್ಜಿ ಒಂದು ಹಳೆಯ ತಟ್ಟೆಯಲ್ಲಿ ಕೆರೆಯ ಮಣ್ಣು ಹರಡಿ, ಮೇಲೆ ಒಂದು ಹಿಡಿ ರಾಗಿ ಉದುರಿಸುತ್ತಿದ್ದಳು. ಅದಕ್ಕೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸುವುದು ಮಕ್ಕಳ ಕೆಲಸ. ಮೂರು ನಾಲ್ಕು ದಿನಕ್ಕೆ ಬೆಳ್ಳಗೆ ಸೂಜಿ ಮೊನೆಯಂತೆ ಮೊಳಕೆ ಕಾಣುತ್ತಿತ್ತು. ಒಮ್ಮೆಗೇ ಜಾಸ್ತಿ ನೀರು ಹುಯ್ದರೆ ಕೊಳೆತು ವಾಸನೆ ಬರುತ್ತಿತ್ತು. ಒಂದು ದಿನ ಮರೆತರೆ ತುದಿ ಬಾಡುತ್ತಿತ್ತು. ಇಪ್ಪತ್ತನಾಲ್ಕನೆಯ ತಾರೀಕು ಸಂಜೆಗೆ ಅದು ಬೆರಳುದ್ದದ ಹಸಿರು ಹುಲ್ಲಾಗಿರುತ್ತಿತ್ತು. ಅದನ್ನೇ ಗೋದಲಿಯ ಮುಂದೆ ಇಟ್ಟು, ಮಣ್ಣಿನ ಕುರಿಗಳನ್ನು ಅದರ ಮೇಲೆ ನಿಲ್ಲಿಸುತ್ತಿದ್ದೆವು. ದಿನಕ್ಕೆ ಎರಡು ನಿಮಿಷದ ಆ ಕೆಲಸದಲ್ಲಿ ಬರುವವನಿಗಾಗಿ ಮನೆ ಸಿದ್ಧವಾಗುತ್ತಿದೆ ಎಂಬ ನೆನಪು ತಾನಾಗಿ ಬರುತ್ತಿತ್ತು. ಪ್ರವಚನ ಬೇಕಿರಲಿಲ್ಲ.

ಗೋದಲಿಯನ್ನು ಮೊದಲು ಹೀಗೆ ಕಣ್ಣಿಗೆ ಕಟ್ಟಿಕೊಟ್ಟವರು ಅಸ್ಸೀಸಿಯ ಸಂತ ಫ್ರಾನ್ಸಿಸರು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಒಣಹುಲ್ಲು ತರಿಸಿ, ನಿಜವಾದ ಎತ್ತು, ಕತ್ತೆಗಳನ್ನು ನಿಲ್ಲಿಸಿ, ಅಲ್ಲೇ ಪೂಜೆ ಮಾಡಿಸಿದರು. ದೇವರು ಎಷ್ಟು ಬಡತನದಲ್ಲಿ ಬಂದ ಎಂಬುದು ಜನರಿಗೆ ಕಣ್ಣಾರೆ ಕಾಣಲಿ ಎನ್ನುವುದು ಅವರ ಆಸೆ.

ಈಗ ನಿಮ್ಮ ಡಿಸೆಂಬರ್ ನೋಡಿ. ಒಂದನೆಯ ತಾರೀಕಿಗೇ ಮೈಸೂರಿನ ಮಾಲುಗಳಲ್ಲಿ ಮರ ನಿಲ್ಲುತ್ತದೆ, ಹಾಡು ಶುರುವಾಗುತ್ತದೆ. ಕೆಲಸದ ಜಾಗದಲ್ಲಿ ಸೀಕ್ರೆಟ್ ಸಾಂಟಾ. ವರ್ಷದ ಕೊನೆಯ ಟಾರ್ಗೆಟ್ ಎಂದು ಓಟಿ. ಅದರ ನಡುವೆ ಕ್ಯಾರಲ್ಸ್ ಅಭ್ಯಾಸ, ಬಟ್ಟೆ ಖರೀದಿ, ಯುವಜನ ಸಂಘದ ಸ್ಪರ್ಧೆ, ದಿನಕ್ಕೊಂದು ಸ್ಟೇಟಸ್. ಇಪ್ಪತ್ತನಾಲ್ಕನೆಯ ತಾರೀಕು ಬರುವ ಹೊತ್ತಿಗೆ ಹಬ್ಬವನ್ನು ನೀವು ಮೂರು ವಾರ ಆಚರಿಸಿ ಮುಗಿಸಿರುತ್ತೀರಿ. ದೇಹ ದಣಿದಿರುತ್ತದೆ, ಕಿವಿ ಆ ಹಾಡುಗಳಿಂದ ಬೇಸತ್ತಿರುತ್ತದೆ. ಆಗ ಗಂಟೆ ಬಾರಿಸಿದರೆ ಏನು ಅನ್ನಿಸೀತು? ಇದರಲ್ಲಿ ಯಾವುದೂ ಪಾಪದ ಕೆಲಸವಲ್ಲ. ಜೊತೆಗಾರರೊಡನೆ ನಕ್ಕು ನಲಿಯಿರಿ, ಬೇಡವೆನ್ನುವುದಿಲ್ಲ. ಆದರೆ ಇಷ್ಟೆಲ್ಲದರ ನಡುವೆ ದೇವರಿಗೆಂದು ಎತ್ತಿಟ್ಟ ಹೊತ್ತು ಎಷ್ಟು? ಅದನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಕೆಲಸದ ಗಡಿಬಿಡಿಯಿಂದಲೇ ನಮಗೆ ಶಾಂತಿ ಇಲ್ಲ ಎಂದು ನೀವು ಹೇಳಬಹುದು. ಹಾಗಾದರೆ ಲೂಕರು ಬರೆದ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಸೀಸರ್ ಆಗಸ್ಟಸ್ ಜನಗಣತಿಗೆ ಆಜ್ಞೆ ಹೊರಡಿಸಿದ್ದ. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿಗೆ ಹೋಗಿ ಹೆಸರು ಬರೆಸಬೇಕು. ಬೆತ್ಲೆಹೇಮ್ ಆ ದಿನ ದಸರಾ ಸಮಯದ ಮೈಸೂರು ಬಸ್ ನಿಲ್ದಾಣದಂತೆ ಇದ್ದಿರಬೇಕು. ಛತ್ರದಲ್ಲಿ ಜಾಗವಿಲ್ಲ. ದಿನ ತುಂಬಿದ ಹೆಣ್ಣುಮಗಳು, ದಾರಿ ನಡೆದು ಬಳಲಿದ ಬಡಗಿ. ಅವರಿಗೆ ರಜೆಯೂ ಇರಲಿಲ್ಲ, ಬಿಡುವೂ ಇರಲಿಲ್ಲ, ನೆಮ್ಮದಿಯ ಮೂಲೆಯೂ ಇರಲಿಲ್ಲ. ಸರ್ಕಾರಿ ಆಜ್ಞೆ, ನೂಕುನುಗ್ಗಲು, ಪರದಾಟ ಇವುಗಳ ನಟ್ಟನಡುವೆಯೇ ಪ್ರಭು ಹುಟ್ಟಿದ. ಊರಿನ ಗದ್ದಲ ಅಡಗಲಿ ಎಂದು ಕಾದು ಕೂತಿದ್ದರೆ ಕ್ರಿಸ್ಮಸ್ ಬರುತ್ತಲೇ ಇರಲಿಲ್ಲ. ಹಾಗೆಯೇ, ಈ ಟಾರ್ಗೆಟ್ ಮುಗಿಯಲಿ, ಈ ಕಂತು ತೀರಲಿ, ಆಮೇಲೆ ದೇವರ ಕಡೆ ನೋಡೋಣ ಎಂದು ಕೂತವರಿಗೆ ಆ ಆಮೇಲೆ ಸಿಗುವುದಿಲ್ಲ. ನನ್ನ ಓರಗೆಯವರಲ್ಲೇ ನಿವೃತ್ತಿಯಾದ ಮೇಲೆ ಪ್ರಾರ್ಥನೆ ಎಂದವರಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಪ್ರಾರ್ಥಿಸುವ ಅಭ್ಯಾಸವೇ ತಪ್ಪಿಹೋಗಿತ್ತು.

ನೈಟ್ ಶಿಫ್ಟಿನ ಮಕ್ಕಳಿಗೆ ಇಲ್ಲಿ ಎರಡು ಮಾತು ಹೆಚ್ಚು ಹೇಳುತ್ತೇನೆ. ಇಪ್ಪತ್ತನಾಲ್ಕರ ರಾತ್ರಿ ಡ್ಯೂಟಿ ಬಿದ್ದರೆ ಹಬ್ಬವೇ ಹೋಯಿತು ಎಂದು ನೀವು ಬೇಜಾರು ಪಡುತ್ತೀರಿ. ಆದರೆ ಪ್ರಭು ಹುಟ್ಟಿದ ಸುದ್ದಿ ಮೊದಲು ತಲುಪಿದ್ದು ಯಾರಿಗೆ? ಹೊಲದಲ್ಲಿ ಸರದಿಯ ಮೇಲೆ ಮಂದೆ ಕಾಯುತ್ತಿದ್ದ ಕುರುಬರಿಗೆ. ರಾತ್ರಿ ಪಾಳಿಯ ಕೂಲಿಗಳು ಅವರು. ಅರಮನೆಯಲ್ಲಿ ಮಲಗಿದ್ದವರಿಗೆ ಆ ಸುದ್ದಿ ತಿಳಿಯಲಿಲ್ಲ. ಧರ್ಮಸಭೆ ಕ್ರಿಸ್ಮಸ್‌ಗೆ ಒಂದೇ ಪೂಜೆ ಇಟ್ಟಿಲ್ಲ. ರಾತ್ರಿಯದೊಂದು, ಮುಂಜಾವಿನದೊಂದು, ಹಗಲಿನದೊಂದು, ಹೀಗೆ ಮೂರು ಬಗೆಯ ಪೂಜೆಗಳಿವೆ. ಒಂದೊಂದಕ್ಕೂ ಬೇರೆ ಬೇರೆ ವಾಚನ. ಅದರಲ್ಲಿ ಮುಂಜಾವಿನ ಪೂಜೆಯಲ್ಲಿ ಓದುವುದು ಆ ಕುರುಬರು ಬೆತ್ಲೆಹೇಮಿಗೆ ಓಡಿಹೋದ ಭಾಗವನ್ನೇ. ಶಿಫ್ಟು ಮುಗಿಸಿ ಗೇಟಿನಿಂದ ಹೊರಬಂದವರು ಕೆಲಸದ ಬಟ್ಟೆಯಲ್ಲೇ ನೇರ ಬೆಳಗಿನ ಪೂಜೆಗೆ ಹೋಗಿ. ಹೊಸ ಬಟ್ಟೆ ಇಲ್ಲವೆಂದು ಸಂಕೋಚ ಪಡಬೇಡಿ. ಆ ಕುರುಬರೂ ಬಟ್ಟೆ ಬದಲಿಸಿ ಹೋದವರಲ್ಲ.

ವಿಶ್ವಾಸ ನಮ್ಮ ಈ ಸೀಮೆಗೆ ಹೇಗೆ ಬಂತು, ಹೇಗೆ ಉಳಿಯಿತು ಎಂಬುದನ್ನೂ ನೀವು ಸ್ವಲ್ಪ ತಿಳಿದಿರಬೇಕು. 1648ರ ಸುಮಾರಿಗೆ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ಬಂದವರು ಮೊದಲು ಮಾಡಿದ್ದು ಕನ್ನಡ ಕಲಿತದ್ದು. ಧರ್ಮೋಪದೇಶವನ್ನು ಕನ್ನಡದಲ್ಲೇ ಬರೆದರು. ಆಮೇಲಿನ ನೂರೈವತ್ತು ವರ್ಷ ಯುದ್ಧ, ಬರ, ಆಳರಸರ ಬದಲಾವಣೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರು ಚೆದುರಿಹೋಗಿದ್ದ ಕುಟುಂಬಗಳನ್ನು ಒಂದೊಂದಾಗಿ ಹುಡುಕಿ ಒಟ್ಟುಗೂಡಿಸಿದರು. ನಮ್ಮವರಂತೆ ಬಟ್ಟೆ ತೊಟ್ಟು, ಮಾಂಸ ಬಿಟ್ಟು, ಹಳ್ಳಿಯಿಂದ ಹಳ್ಳಿಗೆ ಅಲೆದವರು. ಸಿಡುಬು ಊರೂರನ್ನು ನುಂಗುತ್ತಿದ್ದ ಕಾಲದಲ್ಲಿ ಜನರ ಭಯ ಬಿಡಿಸಿ ಲಸಿಕೆ ಹಾಕಿಸಿದರು. ಜನ ಅವರನ್ನು 'ದೊಡ್ಡಸ್ವಾಮಿಯೋರು' ಎಂದೇ ಕರೆಯುತ್ತಿದ್ದರು. 1823ರಲ್ಲಿ ಅವರು ತಮ್ಮ ದೇಶಕ್ಕೆ ಮರಳಿದರು.

ಆ ಕಾಲದ ನಮ್ಮ ಹಳ್ಳಿಯ ವಿಶ್ವಾಸಿಗಳನ್ನು ನೆನೆಯಿರಿ. ಗುರುಗಳು ಬರುತ್ತಿದ್ದುದೇ ಅಪರೂಪಕ್ಕೆ. ಎಷ್ಟೋ ಹಳ್ಳಿಗಳಲ್ಲಿ ಕ್ರಿಸ್ಮಸ್‌ಗೂ ಪೂಜೆ ಇರುತ್ತಿರಲಿಲ್ಲ. ಊರ ಉಪದೇಶಿ ಒಬ್ಬನು ಎಣ್ಣೆ ದೀಪದ ಮುಂದೆ ಕೂತು ಪ್ರಾರ್ಥನೆ ಹೇಳಿಕೊಡುತ್ತಿದ್ದ, ಹೊಲದಿಂದ ಬಂದ ಗಂಡಸರು ಹೆಂಗಸರು ಕೈಕಾಲು ತೊಳೆದು ಕೂತು ಹೇಳುತ್ತಿದ್ದರು. ಮೈಕಿಲ್ಲ, ಗಾಯಕವೃಂದವಿಲ್ಲ, ಅಲಂಕಾರವಿಲ್ಲ. ಆದರೂ ನಂಬಿಕೆ ನಿಮ್ಮ ಅಜ್ಜನ ಅಜ್ಜನಿಂದ ನಿಮ್ಮವರೆಗೆ ಬಂತು. ಅದನ್ನು ಹೊತ್ತು ತಂದದ್ದು ಸಂಜೆಯ ಆ ಕಾಲು ಗಂಟೆ. ಇವತ್ತು ನಿಮ್ಮ ಊರಲ್ಲಿ ಚರ್ಚಿದೆ, ಗುರುಗಳಿದ್ದಾರೆ, ಕೈಯಲ್ಲಿರುವ ಫೋನಿನಲ್ಲಿ ಇಡೀ ಕನ್ನಡ ಬೈಬಲ್ ಇದೆ. ಇಲ್ಲದ್ದು ಆ ಕಾಲು ಗಂಟೆ ಮಾತ್ರ. ಮನೆಮನೆಯಲ್ಲೂ ಸಂಜೆಯ ಜಪಸರ ನಿಂತುಹೋಗುತ್ತಿರುವುದನ್ನು ಕಂಡಾಗ ನನಗೆ ಭಯವಾಗುತ್ತದೆ. ನೂರೈವತ್ತು ವರ್ಷದ ಯುದ್ಧ ಬರಗಳಿಂದ ಅಳಿಯದಿದ್ದದ್ದು ಟಿವಿ, ಮೊಬೈಲಿನ ಮುಂದೆ ಒಂದೇ ತಲೆಮಾರಿನಲ್ಲಿ ಕರಗಬಾರದು.

ಹಾಸನದ ಬಳಿ ಶೆಟ್ಟಿಹಳ್ಳಿಯ ಚರ್ಚಿನ ಫೋಟೋ ನೀವೆಲ್ಲ ನೋಡಿರುತ್ತೀರಿ. ಕೆಲವರು ಬೈಕಿನಲ್ಲಿ ಹೋಗಿ ರೀಲ್ಸ್ ಮಾಡಿಕೊಂಡೂ ಬಂದಿದ್ದೀರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದಾಗ ಊರು ಎತ್ತಂಗಡಿಯಾಯಿತು. ಈಗ ಮಳೆಗಾಲದಲ್ಲಿ ನೀರು ಏರಿದಾಗ ಅರ್ಧ ಮುಳುಗುತ್ತದೆ, ಬೇಸಗೆಯಲ್ಲಿ ಬರಿಯ ಕಮಾನುಗಳು ನಿಲ್ಲುತ್ತವೆ. ಮುಂದಿನ ಸಾರಿ ಹೋದಾಗ ಆ ಊರಿನ ಜನರ ಬಗ್ಗೆ ಒಂದು ಗಳಿಗೆ ಯೋಚಿಸಿ. ಮನೆ, ಹೊಲ, ತಮ್ಮ ಹಿರಿಯರು ಮದುವೆಯಾದ ಚರ್ಚು, ಎಲ್ಲ ನೀರಿನ ಪಾಲಾಯಿತು. ಹೋದ ಹೊಸ ಜಾಗಗಳಲ್ಲಿ ಮತ್ತೆ ಕೂಡಿ ಪ್ರಾರ್ಥಿಸಿದರು, ಮತ್ತೆ ಗುಡಿ ಕಟ್ಟಿಕೊಂಡರು. ನಮ್ಮ ಎಲ್ಲ ಅಲಂಕಾರವನ್ನು ಕಿತ್ತುಕೊಂಡರೂ ಉಳಿಯುವಂಥದ್ದು ನಮ್ಮಲ್ಲಿ ಏನಿದೆ ಎಂದು ಅಲ್ಲಿ ನಿಂತು ಕೇಳಿಕೊಳ್ಳುವುದು ಒಳ್ಳೆಯದು.

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಮುಂದೆಯೂ ಫೋಟೋ, ರೀಲ್ಸಿನ ಇದೇ ಕಥೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರದ ಕಲ್ಲಿಟ್ಟ ದೇವಾಲಯ ಅದು. ಬೇರೆ ಧರ್ಮದ ಮಹಾರಾಜರು ಗೌರವದಿಂದ ಕಲ್ಲಿಟ್ಟ ಜಾಗ. ಹಬ್ಬದ ವಾರದಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅರಮನೆಯ ಫಲಪುಷ್ಪ ಪ್ರದರ್ಶನ ನೋಡಲು ಬಂದವರೂ ಇಲ್ಲಿಗೆ ಬಂದು ಗೋದಲಿ ನೋಡಿಕೊಂಡು ಹೋಗುತ್ತಾರೆ. ಬರಲಿ, ಸಂತೋಷ. ನನ್ನ ಚಿಂತೆ ನಮ್ಮ ಮಕ್ಕಳದು. ಗೋಪುರದ ಮುಂದೆ ಹತ್ತು ಬಗೆಯಲ್ಲಿ ಸೆಲ್ಫಿ ತೆಗೆದುಕೊಂಡು, ಒಳಗೆ ಮೊಣಕಾಲೂರದೆ ಹಿಂತಿರುಗುವವರನ್ನು ಕಂಡಿದ್ದೇನೆ. ದಯವಿಟ್ಟು ಒಳಗೆ ಹೋಗಿ. ಹಬ್ಬದ ದಿನ ಆಗದಿದ್ದರೆ ಡಿಸೆಂಬರಿನ ಮೊದಲ ವಾರದ ಯಾವುದಾದರೂ ಮಧ್ಯಾಹ್ನ ಹೋಗಿ. ಆಗ ಜನ ಕಡಿಮೆ. ಫೋನು ಆಫ್ ಮಾಡಿ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತುಕೊಳ್ಳಿ. ಮೊದಲ ಹತ್ತು ನಿಮಿಷ ತಲೆಯಲ್ಲಿ ಸಾವಿರ ಯೋಚನೆ ಓಡುತ್ತದೆ. ಏಳಬೇಡಿ. ಕೂತೇ ಇರಿ.

ಈಗ ಅಭ್ಯಾಸದ ಮಾತಿಗೆ ಬರುತ್ತೇನೆ. ಲೂಕರ ಶುಭಸಂದೇಶದಲ್ಲಿ ಇಪ್ಪತ್ತನಾಲ್ಕು ಅಧ್ಯಾಯಗಳಿವೆ. ಡಿಸೆಂಬರ್ 1ರಂದು ಮೊದಲ ಅಧ್ಯಾಯ ಹಿಡಿದು ದಿನಕ್ಕೊಂದರಂತೆ ಓದಿದರೆ ಇಪ್ಪತ್ತನಾಲ್ಕನೆಯ ತಾರೀಕಿಗೆ ಸರಿಯಾಗಿ ಮುಗಿಯುತ್ತದೆ. ಒಂದು ಅಧ್ಯಾಯಕ್ಕೆ ಎಂಟು ಹತ್ತು ನಿಮಿಷ ಸಾಕು. ಕಂಪನಿ ಬಸ್ಸಿನಲ್ಲಿ ಓದಬಹುದು, ಕ್ಯಾಂಟೀನಿನಲ್ಲಿ ಊಟದ ಬಿಡುವಿನಲ್ಲಿ ಓದಬಹುದು. ಆದರೆ ಸಾಧ್ಯವಾದರೆ ಪುಸ್ತಕದಲ್ಲೇ ಓದಿ, ಫೋನಿನಲ್ಲಿ ಬೇಡ. ಫೋನಿನಲ್ಲಿ ಓದಲು ಕೂತರೆ ನಾಲ್ಕನೆಯ ಸಾಲಿಗೆ ಒಂದು ಮೆಸೇಜು ಬರುತ್ತದೆ, ಅದರ ಹಿಂದೆ ಮನಸ್ಸು ಹೋಗುತ್ತದೆ. ಓದಿದ ಮೇಲೆ ಆ ದಿನದ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿ. ಯೇಸುಸ್ವಾಮಿಯೇ ದಿನವಿಡೀ ಜನರ ನಡುವೆ ಇದ್ದು, ನಸುಕು ಹರಿಯುವ ಮುನ್ನ ಎದ್ದು ಒಬ್ಬನೇ ಪ್ರಾರ್ಥನೆಗೆ ಹೋಗುತ್ತಿದ್ದ. ಅವನಿಗೇ ಅದು ಬೇಕಾಗಿದ್ದರೆ ನಮಗೆ ಬೇಡವೇ?

ಒಂದು ದಿನ ತಪ್ಪಿದರೆ ಕೈಬಿಡಬೇಡಿ, ಮರುದಿನ ಅಲ್ಲಿಂದಲೇ ಮುಂದುವರಿಸಿ. ಎರಡು ಅಧ್ಯಾಯ ಒಟ್ಟಿಗೆ ಓದಿ ಲೆಕ್ಕ ಸರಿಮಾಡುವ ಆತುರವೂ ಬೇಡ.

ಹೆಣ್ಣುಮಕ್ಕಳಿಗೆ ಒಂದು ಮಾತು. ಫ್ಯಾಕ್ಟರಿಯಲ್ಲಿ ದುಡಿದು ಬಂದು, ಮನೆಯಲ್ಲಿ ಕಜ್ಜಾಯ, ಚಕ್ಕುಲಿ, ಕರ್ಜಿಕಾಯಿ, ರೋಸ್‌ಕುಕ್ಕಿ ಎಂದು ನಡುರಾತ್ರಿಯವರೆಗೂ ಎಣ್ಣೆ ಬಾಣಲೆಯ ಮುಂದೆ ನಿಲ್ಲುವವರು ನೀವು. ಬೆಥಾನಿಯದ ಮಾರ್ತಳ ಮನೆಗೆ ಯೇಸು ಬಂದಾಗ ಅವಳ ತಂಗಿ ಮರಿಯಳು ಅವನ ಪಾದದ ಬಳಿ ಕೂತು ಕೇಳುತ್ತಿದ್ದಳು, ಮಾರ್ತಳು ಮಾತ್ರ ಉಪಚಾರದ ಗಡಿಬಿಡಿಯಲ್ಲಿ ಸಿಡಿಮಿಡಿಗೊಂಡಳು. ಅವಳ ಅಡುಗೆಯನ್ನು ಯೇಸು ಹಳಿಯಲಿಲ್ಲ, ಅವಳ ಮನಸ್ಸಿನ ತಳಮಳ ಕಂಡು ಪ್ರೀತಿಯಿಂದ ಎಚ್ಚರಿಸಿದ. ಆರು ಬಗೆಯ ತಿಂಡಿ ಬೇಡ, ಮೂರು ಸಾಕು. ಗಂಡುಮಕ್ಕಳೇ, ನೀವೂ ಕೇಳಿ: ಅಮ್ಮ, ಅಕ್ಕ, ಹೆಂಡತಿ ಅಡುಗೆಮನೆಯಲ್ಲಿ ಬೇಯುವಾಗ ನೀವು ಸ್ಟಾರ್ ಕಟ್ಟಿ ಬೀದಿಯಲ್ಲಿ ನಿಂತರೆ ಸಾಲದು. ಅವರೆಕಾಯಿ ಸುಲಿಯಿರಿ, ಕಾಳು ಹಿತುಕಿ ಕೊಡಿ. ಅದೂ ಹಬ್ಬದ ಕೆಲಸವೇ. ಮನೆಯ ಹೆಂಗಸರಿಗೂ ಹತ್ತು ನಿಮಿಷ ಕೂತು ಪ್ರಾರ್ಥಿಸುವ ಬಿಡುವು ಸಿಗಲಿ.

ದುಡ್ಡಿನ ವಿಷಯ ಹೇಳದೆ ಬಿಡುವಂತಿಲ್ಲ. ಹಬ್ಬದ ಹೆಸರಿನಲ್ಲಿ ಕಂತಿನ ಮೇಲೆ ಫೋನು, ಕಂತಿನ ಮೇಲೆ ಬೈಕು, ಆ್ಯಪಿನಲ್ಲಿ ಕೈಸಾಲ. ಗುತ್ತಿಗೆ ಕೆಲಸದ ಸಂಬಳಕ್ಕೆ ಇಷ್ಟೆಲ್ಲ ಹೊರೆ ತಾಳುವುದಿಲ್ಲ. ಜನವರಿಯಲ್ಲಿ ಸಾಲಗಾರನ ಫೋನಿಗೆ ಹೆದರುವವನ ಮನಸ್ಸಿನಲ್ಲಿ ಡಿಸೆಂಬರಿನ ಶಾಂತಿ ಎಲ್ಲಿ ನಿಲ್ಲಬೇಕು? ಮಗುವನ್ನು ದೇವಾಲಯದಲ್ಲಿ ಕಾಣಿಕೆಯಾಗಿ ಒಪ್ಪಿಸಲು ಹೋದಾಗ ಮರಿಯ ಮತ್ತು ಜೋಸೆಫರು ಕುರಿಮರಿ ಕೊಡಲಿಲ್ಲ. ಜೋಡಿ ಹಕ್ಕಿ ಕೊಟ್ಟರು. ಮೋಶೆಯ ಕಟ್ಟಳೆಯಲ್ಲಿ ಅದು ಬಡವರ ಕಾಣಿಕೆ. ಇದ್ದುದರಲ್ಲಿ ಕೊಟ್ಟರು, ಸಾಲ ಮಾಡಿ ಮೆರೆಯಲಿಲ್ಲ. ನಿಮಗೂ ಅದರಲ್ಲಿ ನಾಚಿಕೆಯಿಲ್ಲ.

ಕುಡಿತದ ಮಾತನ್ನು ಕೈಮುಗಿದು ಹೇಳುತ್ತೇನೆ. ಇಪ್ಪತ್ತನಾಲ್ಕರ ರಾತ್ರಿ, ಮೂವತ್ತೊಂದರ ರಾತ್ರಿ ಮೈಸೂರು–ನಂಜನಗೂಡು ರಸ್ತೆಯಲ್ಲಿ ಲಾರಿಗಳು ನಿಲ್ಲದೆ ಓಡುತ್ತಿರುತ್ತವೆ, ಮಂಜು ಕವಿದಿರುತ್ತದೆ. ಕುಡಿದು ಮೂವರು ಒಂದೇ ಬೈಕಿನಲ್ಲಿ ಹೊರಟರೆ ಆಮೇಲೆ ಏನಾಗುತ್ತದೆಂದು ನಾನು ಬರೆಯಬೇಕಿಲ್ಲ. ಹಬ್ಬದ ಮನೆಯಲ್ಲಿ ಶವಪೆಟ್ಟಿಗೆ ಇಳಿಸುವುದನ್ನು ಈ ಕಣ್ಣು ಕಂಡಿದೆ. ಆ ತಾಯಿ ಆಮೇಲೆ ಮನೆಗೆ ನಕ್ಷತ್ರ ಕಟ್ಟಿಸಿಲ್ಲ. ಗೆಳೆಯರು ಕರೆದರೆ ಬರಲ್ಲ ಎನ್ನಿ. ನಗುತ್ತಾರೆ, ನಗಲಿ. ಅವರಲ್ಲೇ ಒಬ್ಬ ಮುಂದಿನ ವರ್ಷ ನಿಮ್ಮ ಜೊತೆ ಪೂಜೆಗೆ ಬರುತ್ತಾನೆ.

ಇನ್ನು ಜಗಳ. ಪಾಲಿನ ಹೊಲಕ್ಕೆ, ಒಂದು ಸೈಟಿಗೆ, ಮದುವೆಯಲ್ಲಿ ಆಡಿದ ಒಂದು ಮಾತಿಗೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮುಖ ನೋಡದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಒಂದೇ ಚರ್ಚಿನಲ್ಲಿ ಆ ಸಾಲಿನಲ್ಲೊಬ್ಬ, ಈ ಸಾಲಿನಲ್ಲೊಬ್ಬ. ಪೂಜೆಯಲ್ಲಿ ಸಮಾಧಾನ ಹಂಚಿಕೊಳ್ಳಿ ಎಂದು ಗುರುಗಳು ಹೇಳಿದಾಗ ಪಕ್ಕದ ಅಪರಿಚಿತನಿಗೆ ಕೈಮುಗಿದು, ಬೆನ್ನ ಹಿಂದೆ ನಿಂತ ಸ್ವಂತ ಅಣ್ಣನ ಕಡೆ ತಿರುಗದವರಿಗೆ ಶಾಂತಿ ಸಿಗುವುದಿಲ್ಲ. ನಮ್ಮ ಕಾಲದಲ್ಲಿ ಹಬ್ಬಕ್ಕೆ ಮೊದಲಿನ ವಾರ ಪಾಪನಿವೇದನೆಗೆ ಸಾಲು ನಿಲ್ಲುತ್ತಿದ್ದೆವು. ಮುದುಕ ಗುರುಗಳೊಬ್ಬರು ಪ್ರಾಯಶ್ಚಿತ್ತವಾಗಿ ಜಪ ಹೇಳು ಎನ್ನುತ್ತಿರಲಿಲ್ಲ, ಹೋಗಿ ನಿಮ್ಮಣ್ಣನ ಮನೆಯಲ್ಲಿ ಒಂದು ಲೋಟ ನೀರು ಕುಡಿದು ಬಾ ಎನ್ನುತ್ತಿದ್ದರು. ಜಪಕ್ಕಿಂತ ಅದು ಕಷ್ಟ. ಈ ಆಗಮನ ಕಾಲದಲ್ಲಿ ನೀವು ಒಬ್ಬರನ್ನು ಆರಿಸಿಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಹೂವಿನ ಚಿತ್ರ ಕಳಿಸಿದರೆ ಆಗಲಿಲ್ಲ. ಫೋನು ಮಾಡಿ, ಇಲ್ಲವೇ ಮನೆಗೇ ಹೋಗಿ. ಕಿರಿಯರಾದ ನೀವು ಮೊದಲು ಹೋದರೆ ಹಿರಿಯರ ಹಟ ಕರಗುತ್ತದೆ.

ನಿಮ್ಮ ಪಕ್ಕದ ಮೆಷಿನ್ನಿನಲ್ಲಿ ನಿಂತವನನ್ನೂ ನೋಡಿ. ಜಾರ್ಖಂಡಿನಿಂದ, ಒಡಿಶಾದಿಂದ, ಈಶಾನ್ಯದ ರಾಜ್ಯಗಳಿಂದ ಬಂದ ಹುಡುಗರು ನಮ್ಮ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ಕ್ರಿಸ್ಮಸ್‌ಗೆ ಊರಿಗೆ ಹೋಗಲು ರಜೆಯೂ ಇಲ್ಲ, ರೈಲಿನ ದುಡ್ಡೂ ಇಲ್ಲ, ಚರ್ಚಿನಲ್ಲಿ ಕನ್ನಡ ಅರ್ಥವಾಗುವುದಿಲ್ಲ. ಛತ್ರದಲ್ಲಿ ಜಾಗ ಸಿಗದ ಕಥೆಯನ್ನು ವರ್ಷವೂ ಕೇಳುವ ನಾವು ಅಂಥವನೊಬ್ಬನನ್ನು ಮನೆಗೆ ಕರೆದು ಊಟಕ್ಕಿಕ್ಕದಿದ್ದರೆ ಹೇಗೆ? ಹಿತಕವರೆ ಬೇಳೆ ಹಾಕಿದ ಬಾಡಿನ ಸಾರು, ಮುದ್ದೆ, ಅಷ್ಟೇ ಸಾಕು. ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೆ ತಟ್ಟೆಯಲ್ಲಿ ತಿಂಡಿ ಇಟ್ಟು, ಬಟ್ಟೆ ಮುಚ್ಚಿ, ನಾವೇ ಹೋಗಿ ಕೊಟ್ಟುಬರುವ ಪದ್ಧತಿ ನಮ್ಮ ಸೀಮೆಯಲ್ಲಿ ಇತ್ತು. ದೀಪಾವಳಿಗೂ ರಂಜಾನಿಗೂ ಆ ತಟ್ಟೆ ತುಂಬಿ ವಾಪಸು ಬರುತ್ತಿತ್ತು. ಆ ತಟ್ಟೆ ನಿಲ್ಲಬಾರದು. ಬೇಕರಿಯ ಡಬ್ಬಿ ಕಳಿಸಿ ಕೈ ತೊಳೆದುಕೊಳ್ಳಬೇಡಿ, ಹೊಸ್ತಿಲು ದಾಟಿ ಒಳಗೆ ಹೋಗಿ ಮಾತಾಡಿಸಿ. 1906ರಲ್ಲಿ ಮೈಸೂರಿನಲ್ಲಿ ನಮ್ಮ ಪ್ರೊಟೆಸ್ಟಂಟ್ ಸೋದರರು ಹೆಂಗಸರು ಮಕ್ಕಳಿಗೆಂದು ತೆರೆದ ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆಗೆ ಹೋದ ಬೇರೆ ಧರ್ಮದ ಅಜ್ಜಿಯರ ಕಥೆ ಇಂದಿಗೂ ಮನೆಗಳಲ್ಲಿ ಕೇಳಿಬರುತ್ತದೆ. ಆ ಆಸ್ಪತ್ರೆಯ ದಾದಿಯರು ಕ್ರಿಸ್ಮಸ್ ರಾತ್ರಿಯೂ ವಾರ್ಡು ಬಿಟ್ಟು ಕದಲಿದವರಲ್ಲ. ಜನ ಯೇಸುವಿನ ಹೆಸರನ್ನು ಗೌರವದಿಂದ ಹೇಳುವುದು ಇಂಥವರಿಂದ.

ಇಷ್ಟೆಲ್ಲ ಮಾಡಿಯೂ ಏನೂ ಅನ್ನಿಸದಿದ್ದರೆ? ಆ ಹುಡುಗ ಕೇಳಿದ ಪ್ರಶ್ನೆಯೇ ಇದು. ಕೇಳಿ, ಮಕ್ಕಳೇ. ಕೋಲ್ಕತ್ತಾದ ಮದರ್ ತೆರೇಸಾ ಅವರು 1997ರಲ್ಲಿ ತೀರಿಕೊಂಡು ಹತ್ತು ವರ್ಷದ ಮೇಲೆ ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಹೊರಬಂದವು. ಸುಮಾರು ಐವತ್ತು ವರ್ಷ ಆ ತಾಯಿಗೆ ಪ್ರಾರ್ಥನೆಯಲ್ಲಿ ದೇವರ ಹತ್ತಿರವಿದ್ದ ಅನುಭವವೇ ಆಗಿರಲಿಲ್ಲ, ಒಳಗೆಲ್ಲ ಕತ್ತಲೆ ಇತ್ತು ಎಂದು ಆಗ ಜಗತ್ತಿಗೆ ತಿಳಿಯಿತು. ಆದರೂ ಪ್ರತಿದಿನ ಬೆಳಿಗ್ಗೆ ಪೂಜೆಗೆ ಕೂತರು, ಪ್ರತಿದಿನ ಬೀದಿಯಲ್ಲಿ ಬಿದ್ದವರನ್ನು ಎತ್ತಿದರು. 2016ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಅವರ ಮುಂದೆ ನಮ್ಮ ಒಂದು ರಾತ್ರಿಯ ಬರಡುತನ ಯಾವ ಲೆಕ್ಕ? ವಿಶ್ವಾಸವನ್ನು ಮೈ ಜುಮ್ಮೆನ್ನುವುದರಿಂದ ಅಳೆಯಬೇಡಿ. ಅನ್ನಿಸಿದ ದಿನವೂ ಅನ್ನಿಸದ ದಿನವೂ ಕೂತು ಪ್ರಾರ್ಥಿಸುವವನಿಗೆ ನಿಧಾನವಾಗಿ ಒಂದು ನೆಲೆ ಸಿಗುತ್ತದೆ. ಮನೆಯಲ್ಲಿ ಕಾಯಿಲೆ ಬಂದಾಗ, ಕೆಲಸ ಹೋದಾಗ ಕಾಲು ಕುಸಿಯದಂತೆ ಹಿಡಿಯುವುದು ಆ ನೆಲೆ. ಅದನ್ನೇ ನಮ್ಮ ಹಿರಿಯರು ಶಾಂತಿ ಎಂದರು.

ಡಿಸೆಂಬರ್ ಇಪ್ಪತ್ತಾರಕ್ಕೆ ನಕ್ಷತ್ರ ಬಿಚ್ಚಿ ಮೂಲೆಗೆ ಎಸೆಯಬೇಡಿ. ಹಬ್ಬ ಅಂದು ಮುಗಿಯುವುದಿಲ್ಲ, ಶುರುವಾಗಿರುತ್ತದೆ. ಜನವರಿ 6ರ ಮೂರು ರಾಯರ ಹಬ್ಬ, ಅದರ ನಂತರ ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ಇದು ಕ್ರಿಸ್ಮಸ್ ಕಾಲವೇ. ಗದ್ದಲದಲ್ಲಿ ಇಪ್ಪತ್ತೈದು ಕಳೆದುಹೋದವರಿಗೆ, ಡ್ಯೂಟಿಯಲ್ಲಿ ಕಳೆದವರಿಗೆ ಇನ್ನೂ ದಿನಗಳಿರುತ್ತವೆ. ಮೂರು ರಾಯರೆನಿಸಿದ ಆ ಜೋಯಿಸರೂ ತಡವಾಗಿ ಬಂದವರೇ. ತಡವಾಯಿತೆಂದು ಅವರನ್ನು ಯಾರೂ ವಾಪಸು ಕಳಿಸಲಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಮನೆಯಲ್ಲಿರುವ ಕನ್ನಡ ಬೈಬಲನ್ನು ಹುಡುಕಿ ತೆಗೆಯಿರಿ, ಧೂಳು ಒರೆಸಿ, ನಿಮ್ಮ ಬ್ಯಾಗಿನಲ್ಲಿ ಟಿಫನ್ ಡಬ್ಬಿಯ ಪಕ್ಕ ಇಟ್ಟುಕೊಳ್ಳಿ. ಡಿಸೆಂಬರ್ 1ರಂದು ಯಾವ ಶಿಫ್ಟೇ ಇರಲಿ, ಲೂಕರ ಮೊದಲ ಅಧ್ಯಾಯ ಓದಿ. ನಿಮಗೆ ಮಕ್ಕಳಿದ್ದರೆ ಒಂದು ತಟ್ಟೆ ಮಣ್ಣು, ಒಂದು ಹಿಡಿ ರಾಗಿ ಅವರ ಕೈಗೆ ಕೊಡಿ. ಮುನಿದಿರುವ ಆ ಒಬ್ಬರಿಗೆ ಈ ವಾರವೇ ಫೋನು ಮಾಡಿ.